ಡಿಸ್ಕವರ್ಡ್ ಚೆಕ್‌ಗೆ ಕನ್ನಡದಲ್ಲಿ ಏನೆನ್ನೋಣ?

ಚದುರಂಗದ ನಡೆಗಳನ್ನು ಕನ್ನಡದಲ್ಲಿ ವಿವರಿಸುವಾಗ ಕೈಕೊಡುವ ಪದ ಇದು. 'ಪತ್ತೆಯಾದ ಚೆಕ್' ಎಂದರೆ ಅರ್ಥವೇ ಕೆಡುತ್ತದೆ. ಇಲ್ಲಿ ಯಾರೂ ಏನನ್ನೂ ಪತ್ತೆ ಹಚ್ಚುವುದಿಲ್ಲ. ಅಡ್ಡ ನಿಂತ ಕಾಯಿ ಸರಿಯುತ್ತದೆ, ಅದರ ಹಿಂದಿದ್ದ ಕಾಯಿಯಿಂದ ರಾಜನಿಗೆ ಚೆಕ್ ಬೀಳುತ್ತದೆ.

ಪದವನ್ನು ಒರೆಗೆ ಹಚ್ಚಲು 1956ರ ನ್ಯೂಯಾರ್ಕ್ ಟೂರ್ನಿಯ ಡೊನಾಲ್ಡ್ ಬರ್ನ್–ಬಾಬಿ ಫಿಷರ್ ಆಟ ಸಾಕು. ಕಪ್ಪು ಕಾಯಿ 13 ವರ್ಷದ ಫಿಷರನದು. 17ನೇ ನಡೆಯಲ್ಲಿ ಒಂಟೆಯನ್ನು ಇ6ಕ್ಕೆ ಸರಿಸಿ ಮಂತ್ರಿಯನ್ನೇ ಬಿಟ್ಟುಕೊಟ್ಟ. ಬರ್ನ್ ಬಿ6ರಲ್ಲಿ ಮಂತ್ರಿಯನ್ನು ಹೊಡೆದ. ಕಪ್ಪು ಒಂಟೆ ಸಿ4ರ ಬಿಳಿ ಒಂಟೆಯನ್ನು ಹೊಡೆದು ಚೆಕ್ ಕೊಟ್ಟಿತು. ರಾಜ ಜಿ1ಕ್ಕೆ ಹೋದ. ಆಗ ಕುದುರೆ ಇ2ಕ್ಕೆ ಬಂದು ತಾನೇ ಚೆಕ್ ಕೊಡುತ್ತದೆ. ಎಚ್1ರಲ್ಲಿ ಬಿಳಿ ರಾಜನದೇ ಆನೆ ಕೂತಿದೆ, ಮುಂದೆ ಅವನವೇ ಪದಾತಿಗಳು. ರಾಜನಿಗೆ ಎಫ್1 ಒಂದೇ ಗತಿ. ಒಡನೆ ಕುದುರೆ ಡಿ4ರ ಪದಾತಿಯನ್ನು ಹೊಡೆಯುತ್ತದೆ. ಈ ಸಲ ಚೆಕ್ ಕೊಡುತ್ತಿರುವುದು ಕುದುರೆಯಲ್ಲ, ಸಿ4ರ ಒಂಟೆ. ನಮಗೆ ಹೆಸರು ಬೇಕಿರುವುದು ಇದಕ್ಕೇ. ಡಿ3ಕ್ಕೆ ಆನೆಯನ್ನು ಅಡ್ಡ ತರಬಹುದಿತ್ತು, ಆಟ ಉಳಿಯುತ್ತಿರಲಿಲ್ಲ ಅಷ್ಟೆ. ರಾಜ ಜಿ1ಕ್ಕೆ ಮರಳಿದ. ಕುದುರೆ ಮತ್ತೆ ಇ2, ಆಮೇಲೆ ಸಿ3. ಕೊನೆಗೆ ಮಂತ್ರಿಗೆ ಬದಲಾಗಿ ಒಂದು ಆನೆ, ಎರಡು ಒಂಟೆ, ಒಂದು ಪದಾತಿ ಫಿಷರನ ಪಾಲಾದವು. 41ನೇ ನಡೆಗೆ ಚೆಕ್‌ಮೇಟ್.

ಇದನ್ನು ಡಬಲ್ ಚೆಕ್ ಜೊತೆ ಬೆರೆಸಬಾರದು. ಬರ್ನ್ ಮಂತ್ರಿಯ ಬದಲು ಇ6ರ ಒಂಟೆಯನ್ನು ಹೊಡೆದಿದ್ದರೆ ಮಂತ್ರಿ ಬಿ5ರಿಂದ ಚೆಕ್, ರಾಜ ಜಿ1, ಕುದುರೆ ಇ2 ಚೆಕ್, ರಾಜ ಎಫ್1, ಕುದುರೆ ಜಿ3. ಇಲ್ಲಿ ಕುದುರೆ, ಮಂತ್ರಿ ಎರಡರದೂ ಚೆಕ್. ಕುದುರೆಯನ್ನು ಹೊಡೆದರೂ ಮಂತ್ರಿಯದು ಉಳಿಯುತ್ತದೆ, ಅಡ್ಡ ಇಟ್ಟರೆ ಕುದುರೆಯದು. ರಾಜ ಕದಲಲೇಬೇಕು. ಇದಕ್ಕೆ 'ಜೋಡಿ ಚೆಕ್' ಸಲೀಸಾಗಿ ಒಗ್ಗುತ್ತದೆ.

ಮೊದಲನೆಯದಕ್ಕೆ 'ತೆರವು ಚೆಕ್' ಎನ್ನಬಹುದು, ಆದರೆ ತೆರವು ಎಂದೊಡನೆ ಒತ್ತುವರಿ ನೆನಪಾಗುತ್ತದೆ. 'ಗುಪ್ತ ಚೆಕ್' ಬೇಡ. ಹಲಗೆಯ ಮೇಲೆ ಗುಪ್ತವಾದದ್ದು ಏನೂ ಇಲ್ಲ. 'ಮರೆಸರಿ ಚೆಕ್' ನನಗೆ ಹಿಡಿಸಿದೆ. ವಾಕ್ಯದೊಳಗಾದರೆ ಹೊಸ ಪದವೇ ಬೇಡ: 'ಕುದುರೆ ಸರಿಸಿ ಒಂಟೆಯಿಂದ ಚೆಕ್' ಎಂದರೆ ಸರಿದದ್ದು ಯಾವುದು, ಚೆಕ್ ಕೊಟ್ಟದ್ದು ಯಾವುದು, ಎರಡೂ ತಿಳಿಯುತ್ತವೆ. ಆಟಗಾರರ ಬಾಯಲ್ಲಿ ಬೇರೆ ಪದ ಈಗಾಗಲೇ ಇದ್ದರೆ ತಿಳಿಸಿ, ಅದನ್ನೇ ಬಳಸೋಣ.