ಹಳೆಯ ಜೀಪಿಗೆ ಹೆಚ್ಚುವರಿ ದೀಪ: ವೈರಿಂಗ್ ನಾವೇ ಮಾಡಿಕೊಳ್ಳಬಹುದೇ?

ಪ್ರಶ್ನೆ (ಬನಶಂಕರಿ):
ನನ್ನ ಹಳೆಯ ಡೀಸೆಲ್ ಜೀಪಿನಲ್ಲಿ ಮಳೆಗಾಲ ಮುಗಿದ ಮೇಲೆ ಸಕಲೇಶಪುರದ ಕಡೆಗೆ ಹೋಗುವ ಆಸೆಯಿದೆ. ಜೆ.ಸಿ. ರಸ್ತೆಯಿಂದ 55 ವ್ಯಾಟಿನ ಎರಡು ಫಾಗ್ ಲ್ಯಾಂಪ್ ತಂದಿದ್ದೇನೆ. ಅವನ್ನು ಹೆಡ್‌ಲೈಟಿನ ವೈರಿಗೇ ಜೋಡಿಸಿದರೆ ಸಾಕೇ? ತಿಳಿದವರು ದಯವಿಟ್ಟು ಹೇಳಿ.

ಉತ್ತರ (ಮಲ್ಲೇಶ್ವರ):
ದಯವಿಟ್ಟು ಹಾಗೆ ಮಾಡಬೇಡಿ ಸರ್. ಎರಡೂ ಸೇರಿ 110 ವ್ಯಾಟ್, ಅಂದರೆ 12 ವೋಲ್ಟಿನಲ್ಲಿ 9 ಆಂಪಿಯರಿಗೂ ಹೆಚ್ಚು. ಅಷ್ಟು ಹೆಚ್ಚುವರಿ ವಿದ್ಯುತ್ ಹರಿದರೆ ಹಳೆಯ ಸ್ವಿಚ್ಚು ಕಾದು ಕರಗುವ ಅಪಾಯವಿದೆ. ಬ್ಯಾಟರಿಯಿಂದ ನೇರವಾಗಿ ವೈರ್ ಎಳೆದು, ಬ್ಯಾಟರಿಯ ಪಕ್ಕದಲ್ಲೇ 15 ಆಂಪಿಯರಿನ ಫ್ಯೂಸ್ ಹಾಕಿ, ಅದನ್ನು ರಿಲೇಯ (ಅಲ್ಪ ವಿದ್ಯುತ್ತಿನಿಂದ ಹೆಚ್ಚಿನ ವಿದ್ಯುತ್ತನ್ನು ಆನ್-ಆಫ್ ಮಾಡುವ ಸ್ವಿಚ್ಚು) 30ನೇ ಪಿನ್ನಿಗೆ ಕೊಡಿ. 87ರಿಂದ ದೀಪಗಳಿಗೆ, 86ಕ್ಕೆ ಸ್ವಿಚ್ಚು, 85ರಿಂದ ಗಾಡಿಯ ಲೋಹದ ಮೈಗೆ ಅರ್ಥ್. ಅರ್ಥ್ ಕೊಡುವ ಜಾಗದಲ್ಲಿ ಬಣ್ಣವನ್ನು ಪೂರ್ತಿ ಕೆರೆಯಿರಿ. ನನ್ನ ಗಾಡಿಯಲ್ಲಿ ದೀಪ ಮಿಣುಕುವುದರ ಕಾರಣ ಹುಡುಕಲು ಎರಡು ಭಾನುವಾರ ಹಿಡಿಯಿತು. ಕೊನೆಗೆ ನೋಡಿದರೆ ಬೋಲ್ಟಿನಡಿ ಉಗುರಿನಷ್ಟು ಬಣ್ಣ ಉಳಿದಿತ್ತು.

ಉತ್ತರ (ಕೆಂಗೇರಿ):
ಹಳ್ಳ ದಾಟುವುದಿದ್ದರೆ ದೀಪಕ್ಕಿಂತ ಮೊದಲು ಆಕ್ಸಲ್ ಬ್ರೀದರಿಗೆ (ಆಕ್ಸಲ್ಲಿನೊಳಗೆ ಗಾಳಿ ಬಂದು ಹೋಗುವ ಕಿಂಡಿ) ರಬ್ಬರ್ ಹೋಸ್ ಜೋಡಿಸಿ, ಅದರ ತುದಿಯನ್ನು ಬಾನೆಟ್ಟಿನೊಳಗೆ ಎತ್ತರದಲ್ಲಿ ಕಟ್ಟಿರೆಂದು ನನ್ನ ಸಲಹೆ. ಬಿಸಿಯಾದ ಆಕ್ಸಲ್ ತಣ್ಣೀರಿಗೆ ಇಳಿದೊಡನೆ ಒಳಗಿನ ಗಾಳಿ ಕುಗ್ಗಿ ನೀರನ್ನು ಎಳೆದುಕೊಳ್ಳುತ್ತದೆ. ನಾನು ಇದನ್ನು ಅಲಕ್ಷಿಸಿದ್ದೆ. ಡ್ರೇನ್ ಪ್ಲಗ್ ಬಿಚ್ಚಿದಾಗ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿತ್ತು.

ಉತ್ತರ (ಯಲಹಂಕ):
ದೀಪ ಕೂರಿಸಲೆಂದು ಮುಂದೆ ಬುಲ್ ಬಾರ್ (ಬಂಪರಿನ ಮುಂದೆ ಕೂರಿಸುವ ಲೋಹದ ಚೌಕಟ್ಟು) ಹಾಕಿಸಬೇಡಿ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನಡಿ ಅದು ಅಕ್ರಮವೆಂದು ಕೇಂದ್ರ ಸರ್ಕಾರ 2017ರಲ್ಲೇ ರಾಜ್ಯಗಳಿಗೆ ತಿಳಿಸಿದೆ. ಮೂಲ ಬಂಪರಿಗೇ ಗಟ್ಟಿಯಾದ ಬ್ರಾಕೆಟ್ ಕೂರಿಸಿದರೆ ಸಾಕು.