ಈಸ್ಟರ್ ಪೂಜೆಗೆ ಬರಲ್ಲ ಅನ್ನುವ ಮಗ, ಎಮ್ಮಾವು ದಾರಿಯ ಇಬ್ಬರು

ಹೊರದೇಶದಲ್ಲಿರುವ ಕನ್ನಡಿಗರ ಈ ಗುಂಪಿನಲ್ಲಿ ಮೊನ್ನೆ ಒಬ್ಬ ಅಕ್ಕ ಕೇಳಿದ್ದರು: “ಮಗನಿಗೆ ಹದಿನಾಲ್ಕು ವರ್ಷ. ಈ ಸಲ ಈಸ್ಟರ್ ಪೂಜೆಗೆ ಬರಲ್ಲ, ನನಗೆ ನಂಬಿಕೆಯೇ ಇಲ್ಲ ಅಂತಿದ್ದಾನೆ. ಊರಲ್ಲೇ ಇದ್ದಿದ್ದರೆ ಹೀಗಾಗುತ್ತಿರಲಿಲ್ಲವೇನೋ.” ಕೆಳಗೆ ಬಂದ ಉತ್ತರಗಳೆಲ್ಲ ಎರಡೇ ಬಗೆ. ಗದರಿಸಿ ಕರೆದುಕೊಂಡು ಹೋಗಿ, ಈಗ ಸಡಿಲ ಬಿಟ್ಟರೆ ಕೈತಪ್ಪಿದ ಹಾಗೇ ಅಂತ ಕೆಲವರು. ಬಿಟ್ಟುಬಿಡಿ, ಅವನಿಷ್ಟ ಅಂತ ಮಿಕ್ಕವರು. ನನಗೆ ಎರಡೂ ಒಪ್ಪಿಗೆಯಾಗಲಿಲ್ಲ. ಎರಡು ಸಾಲಿನಲ್ಲಿ ಮುಗಿಯುವ ಮಾತಲ್ಲ ಅನ್ನಿಸಿ ಬೇರೆಯಾಗಿಯೇ ಬರೆಯುತ್ತಿದ್ದೇನೆ.

ಅಕ್ಕಾ, ಊರಲ್ಲಿದ್ದಿದ್ದರೂ ಅವನು ಈ ಮಾತು ಆಡುತ್ತಿದ್ದ. ಆ ವಯಸ್ಸೇ ಹಾಗೆ. ಆದರೆ ಅಲ್ಲಿ ನಿಮ್ಮ ಜೊತೆ ಜಗಳವಾಡಿಕೊಂಡು ಮುಖ ಊದಿಸಿಕೊಂಡು ಹೊರಟರೂ ಚರ್ಚಿನ ಗೇಟಿನಲ್ಲಿ ಅವನಿಗಾಗಿ ನಾಲ್ಕು ಹುಡುಗರು ಕಾದಿರುತ್ತಿದ್ದರು. “ಏನೋ, ಯಾಕೋ ಸಪ್ಪಗಿದ್ದೀಯಾ” ಅನ್ನುವ ಒಬ್ಬ ಚಿಕ್ಕಪ್ಪನೋ ಮಾವನೋ ಸಿಗುತ್ತಿದ್ದ. ಒಳಗೆ ನಂಬಿಕೆ ಬತ್ತಿದ ದಿನವೂ ಜನರ ನಡುವೆ ಕಾಲ ಸರಿಯುತ್ತಿತ್ತು. ನಾವು ಬೈಬಲ್ಲು, ಜಪಮಾಲೆ ಎಲ್ಲವನ್ನೂ ಸೂಟ್‌ಕೇಸಿಗೆ ಹಾಕಿಕೊಂಡು ಬಂದೆವು. ಆ ನಾಲ್ಕು ಜನರನ್ನು ತರಲಾಗಲಿಲ್ಲ. ನಿಮ್ಮ ಮಗನಿಗೆ ಕಮ್ಮಿ ಬಿದ್ದಿರೋದು ಬೋಧನೆ ಅಲ್ಲ, ಜೊತೆಗಾರರು ಅಂತ ನನ್ನ ಗುಮಾನಿ.

ಈಸ್ಟರ್ ಅಂದರೆ ಶಿಲುಬೆಯಲ್ಲಿ ಸತ್ತ ಯೇಸು ಮತ್ತೆ ಬದುಕಿ ಎದ್ದ ಹಬ್ಬ. ಆ ಕಥೆಯನ್ನು ನಾವು ಮಕ್ಕಳಿಗೆ ಬರಿದಾದ ಸಮಾಧಿಯ ಹತ್ತಿರವೇ ನಿಲ್ಲಿಸಿಬಿಡುತ್ತೇವೆ. ಆಮೇಲಿನದೇ ಸ್ವಾರಸ್ಯ. ಬೈಬಲ್ಲಿನಲ್ಲಿ ಲೂಕ ಬರೆದ ಶುಭಸಂದೇಶದ 24ನೇ ಅಧ್ಯಾಯ ತೆಗೆದು ನೋಡಿ. ಅದೇ ಭಾನುವಾರ ಇಬ್ಬರು ಶಿಷ್ಯರು ಜೆರುಸಲೇಮಿನಿಂದ ಎಮ್ಮಾವು ಅನ್ನುವ ಹಳ್ಳಿಗೆ ಹೊರಟಿದ್ದಾರೆ, ಸುಮಾರು 11 ಕಿಲೋಮೀಟರ್ ಕಾಲ್ನಡಿಗೆ. ಒಬ್ಬ ಕ್ಲೆಯೋಫ, ಇನ್ನೊಬ್ಬರ ಹೆಸರನ್ನು ಲೂಕ ಹೇಳುವುದೇ ಇಲ್ಲ. ಯೇಸು ಬದುಕಿದ್ದಾರೆ ಅಂತ ಬೆಳಿಗ್ಗೆ ಹೆಂಗಸರು ತಂದ ಸುದ್ದಿ ಇವರ ಕಿವಿಗೂ ಬಿದ್ದಿದೆ. ಆದರೂ ಹೊರಟಿದ್ದಾರೆ, ಅದೂ ಜೆರುಸಲೇಮಿಗೆ ಬೆನ್ನು ಹಾಕಿ. ದಾರಿಯಲ್ಲಿ ಜೊತೆಗೂಡಿದ ಯೇಸುಸ್ವಾಮಿಯ ಗುರುತು ಅವರಿಗೆ ಸಿಗಲಿಲ್ಲ. ಸ್ವಾಮಿ “ಮೊದಲು ಹಿಂದಕ್ಕೆ ತಿರುಗಿ” ಅನ್ನಲಿಲ್ಲ. ಏನು ಮಾತಾಡಿಕೊಳ್ಳುತ್ತಿದ್ದೀರಿ ಅಂತ ಕೇಳಿದರು. ತನ್ನದೇ ಸಾವಿನ ಕಥೆಯನ್ನು ಅವರ ಬಾಯಿಂದ ಪೂರ್ತಿ ಕೇಳಿಸಿಕೊಂಡು ಅವರು ಹೊರಟ ದಿಕ್ಕಿಗೇ ಹೆಜ್ಜೆ ಹಾಕಿದರು. ವಿವರಿಸಿದ್ದು, ತುಸು ಗದರಿದ್ದು, ಎಲ್ಲ ಆಮೇಲೆ. ಊರು ಹತ್ತಿರ ಬಂದಾಗಲೂ ತಾನು ಮುಂದಕ್ಕೆ ಹೋಗುವವನ ಹಾಗೆ ಕಾಣಿಸಿಕೊಂಡರು. ಉಳಿದುಕೊಳ್ಳಿ ಅಂತ ಒತ್ತಾಯ ಮಾಡಿದ್ದು ಇವರೇ. ಊಟಕ್ಕೆ ಕೂತು ರೊಟ್ಟಿ ಮುರಿದಾಗ ಕಣ್ಣು ತೆರೆಯಿತು. ಆ ಹೊತ್ತಿನಲ್ಲೇ ಎದ್ದು ಬಂದ ದಾರಿಯಲ್ಲೇ ಜೆರುಸಲೇಮಿಗೆ ಮರಳಿದರು. ತಿರುಗಿ ಹೋಗಿ ಅಂತ ಯಾರೂ ಹೇಳಿರಲಿಲ್ಲ.

ಇನ್ನೊಬ್ಬ ಶಿಷ್ಯ ತೋಮನ ಕಥೆ ನಿಮ್ಮ ಮಗನಿಗೆ ಇನ್ನೂ ಹತ್ತಿರ. ಆ ಮೊದಲ ಭಾನುವಾರ ಸಂಜೆ ಯೇಸು ಶಿಷ್ಯರಿಗೆ ಕಾಣಿಸಿಕೊಂಡಾಗ ತೋಮ ಅಲ್ಲಿರಲಿಲ್ಲ. ಗೆಳೆಯರು “ಪ್ರಭುವನ್ನು ನೋಡಿದೆವು” ಅಂದರೆ, ಮೊಳೆಯ ಗಾಯದಲ್ಲಿ ಬೆರಳಿಟ್ಟು ನೋಡದ ಹೊರತು ನಂಬಲ್ಲ ಅಂದ. ಅವನನ್ನು ಸಂಶಯದ ತೋಮ ಅಂತ ಕರೆದು ಮುಗಿಸುವುದು ನಮಗೆ ರೂಢಿ. ಯೊವಾನ್ನ ತನ್ನ ಶುಭಸಂದೇಶದಲ್ಲಿ ಹೇಳುವ ಮುಂದಿನ ಮಾತು ನೋಡಿ: ಎಂಟು ದಿನಗಳ ನಂತರ ಶಿಷ್ಯರು ಮತ್ತೆ ಒಳಗಿದ್ದರು, ತೋಮನೂ ಅವರ ಜೊತೆಗಿದ್ದ. ಅಂದರೆ ನಂಬಿದವರ ಗುಂಪಿನಲ್ಲಿ ನಂಬದವನೊಬ್ಬ ಒಂದು ವಾರ ಕಳೆದಿದ್ದಾನೆ. ಅವರು ಹೊರಗೆ ಹಾಕಲಿಲ್ಲ, ಅವನೂ ಬಿಟ್ಟು ಹೋಗಲಿಲ್ಲ. ಆ ವಾರ ಏನೇನು ಮಾತಾಯಿತು ಅನ್ನುವುದು ಬೈಬಲ್ಲಿನಲ್ಲಿಲ್ಲ. ಮನೆಯಲ್ಲಿ ಹದಿಹರೆಯದವರಿರುವ ನಮಗೆ ಬೇಕಾಗಿದ್ದಿದ್ದು ಅದೇ ವಾರದ ಸುದ್ದಿ!

ಶಿಷ್ಯರಲ್ಲೇ ಒಬ್ಬನಾದ ಪೇತ್ರನದೂ ಹಾಗೇ. ಮೂರು ಸಲ ಯೇಸುವನ್ನು ಗೊತ್ತಿಲ್ಲ ಅಂದವನು, ಏನು ಮಾಡಬೇಕೋ ತಿಳಿಯದೆ “ಮೀನು ಹಿಡಿಯೋಕೆ ಹೋಗ್ತೀನಿ” ಅಂತ ಎದ್ದ. ಜೊತೆಗಿದ್ದ ಶಿಷ್ಯರು ಅವನಿಗೆ ಉಪದೇಶ ಮಾಡಲಿಲ್ಲ. “ನಾವೂ ಬರ್ತೀವಿ” ಅಂದರು. ಆ ದೋಣಿಯಲ್ಲಿದ್ದ ಏಳು ಜನರಲ್ಲಿ ತೋಮನೂ ಒಬ್ಬ. ರಾತ್ರಿಯೆಲ್ಲ ಬಲೆ ಬೀಸಿ ಒಂದು ಮೀನೂ ಸಿಗಲಿಲ್ಲ, ಅದು ಬೇರೆ ಮಾತು. ಬೆಳಗಾದಾಗ ದಡದಲ್ಲಿ ಸ್ವಾಮಿ ಕಂಡಾಗ ಏಳು ಜನವೂ ಒಟ್ಟಿಗಿದ್ದರು.

ಹಾಗಂತ ಈ ಗೆಳೆಯರೇನು ಆದರ್ಶದ ಗೊಂಬೆಗಳಲ್ಲ. ಗೆತ್ಸೆಮನಿ ಅನ್ನುವ ತೋಟದಲ್ಲಿ ಯೇಸು ಒಂದು ಗಂಟೆ ಎಚ್ಚರವಿರಿ ಅಂದರೆ ನಿದ್ದೆ ಹೋದವರು, ಯೇಸುವನ್ನು ಬಂಧಿಸಲು ಬಂದಾಗ ಓಡಿಹೋದವರು. ಮಕ್ಕಳಿಗೆ ಇದನ್ನೂ ಹೇಳಬೇಕು. ಶಾಲೆಯಲ್ಲಿ ಗೆಳೆಯ ಕೈಕೊಟ್ಟ ಅಂತ ಅಳುವ ಮಗುವಿಗೆ, ಕೈಕೊಟ್ಟವರೇ ಮತ್ತೆ ಜೊತೆಯಾದ ಕಥೆ ಇಲ್ಲಿದೆ.

ನಮ್ಮಂಥ ವಲಸಿಗರು ಗಮನಿಸಬೇಕಾದವನು ಇನ್ನೊಬ್ಬ ಇದ್ದಾನೆ, ಸಿರೇನಿನ ಸಿಮೋನ. ಸಿರೇನ್ ಇವತ್ತಿನ ಲಿಬಿಯಾದಲ್ಲಿದೆ. ಹಳ್ಳಿ ಕಡೆಯಿಂದ ಬರುತ್ತಿದ್ದವನನ್ನು ಸೈನಿಕರು ಹಿಡಿದು ಬಲವಂತವಾಗಿ ಯೇಸುವಿನ ಶಿಲುಬೆ ಹೊರಿಸಿದರು. ಆ ಹೊತ್ತಿನಲ್ಲಿ ಹೆಗಲು ಕೊಟ್ಟದ್ದು ಶಿಷ್ಯರಲ್ಲ, ದೂರದ ಊರಿನ ಈ ದಾರಿಹೋಕ. ಇನ್ನೊಂದು ಶುಭಸಂದೇಶ ಬರೆದ ಮಾರ್ಕನು ಅವನನ್ನು ‘ಅಲೆಕ್ಸಾಂಡರ್ ಮತ್ತು ರೂಫ ಇವರ ತಂದೆ’ ಅಂತ ಪರಿಚಯಿಸುತ್ತಾನೆ. ಓದುವವರಿಗೆ ಆ ಮಕ್ಕಳು ಮೊದಲೇ ಗೊತ್ತು ಅನ್ನುವ ಹಾಗಿದೆ ಆ ಮಾತು. ಪರ ಊರಿನವನ ಮಕ್ಕಳನ್ನು ಹೆಸರು ಹಿಡಿದು ಕರೆಯುವ ಬಳಗವೊಂದು ಅಲ್ಲಿತ್ತು ಅಂತಾಯಿತು. ನಮ್ಮ ಮಕ್ಕಳನ್ನು ಇಲ್ಲಿ ಹಾಗೆ ಹೆಸರು ಹಿಡಿದು ಕರೆಯುವವರು ಎಷ್ಟು ಜನ?

ಇದಕ್ಕೆ ಧರ್ಮಸಭೆಯಲ್ಲೇ ಒಂದು ಏರ್ಪಾಡು ಇದೆ. ಜ್ಞಾನಸ್ನಾನದಲ್ಲಿ, ಅಂದರೆ ಮಗುವನ್ನು ಸಭೆಗೆ ಸೇರಿಸಿಕೊಳ್ಳುವ ವಿಧಿಯಲ್ಲಿ, ಅದರ ಪರವಾಗಿ ನಿಲ್ಲುವ ದೊಡ್ಡವರು ಇರುತ್ತಾರಲ್ಲ, ಕಥೋಲಿಕ ನಿಯಮದಂತೆ ಹೆತ್ತವರೇ ಆ ಜಾಗದಲ್ಲಿ ನಿಲ್ಲುವ ಹಾಗಿಲ್ಲ. ಅಪ್ಪ ಅಮ್ಮ ಅಲ್ಲದ ಇನ್ನೊಬ್ಬರೇ ಆಗಬೇಕು. ನಮ್ಮಲ್ಲಿ ಹೆಚ್ಚಿನವರಿಗೆ ಅವರು ಸಾವಿರಾರು ಮೈಲಿ ಆಚೆ ಇದ್ದಾರೆ, ಹಬ್ಬಕ್ಕೊಂದು ವೀಡಿಯೊ ಕರೆಗೆ ಮುಗಿಯುತ್ತದೆ. ಹಾಗಾಗಿ ನೀವಿರುವ ಜಾಗದಲ್ಲೇ ಒಬ್ಬರನ್ನು ಹುಡುಕಿ. ತೀರಾ ಭಕ್ತರೇ ಆಗಬೇಕಿಲ್ಲ. ನನ್ನ ಕೇಳಿದರೆ, ಇಪ್ಪತ್ತೆರಡೋ ಇಪ್ಪತ್ಮೂರೋ ವಯಸ್ಸಿನ, ತಾನೂ ಒಂದಷ್ಟು ಕಾಲ ಚರ್ಚು ಬಿಟ್ಟು ಅಲೆದು ಬಂದ ಹುಡುಗನಾದರೆ ಒಳ್ಳೆಯದು.

ಜೊತೆಗಾರರು ಒಂದೇ ಧರ್ಮದವರಾಗಬೇಕು ಅಂತಲೂ ನನಗನ್ನಿಸುವುದಿಲ್ಲ. ಈ ದೇಶಕ್ಕೆ ಬಂದ ಹೊಸತರಲ್ಲಿ ಒಂದು ಈಸ್ಟರ್ ರಾತ್ರಿ ನನಗೆ ಚರ್ಚಿನ ಕಡೆ ಹೋಗುವ ಮನಸ್ಸೇ ಇರಲಿಲ್ಲ. ಗುರುತಿನವರು ಯಾರೂ ಇಲ್ಲ, ಹಾಡು ಗೊತ್ತಿಲ್ಲ. ಪಕ್ಕದ ಮನೆಯ ಕನ್ನಡದ ಅಕ್ಕ, ಅವರು ಹಿಂದೂ, “ನಡೀರಿ, ನಾನೂ ಬರ್ತೀನಿ” ಅಂತ ಕೋಟು ಹಾಕಿಕೊಂಡು ಹೊರಟೇಬಿಟ್ಟರು. ಇಲ್ಲಿರುವ ಹಿಂದೂ, ಮುಸ್ಲಿಂ ಗೆಳೆಯರು ಇದು ನಮಗಲ್ಲ ಅಂದುಕೊಳ್ಳಬೇಡಿ. ಸಹಪಾಠಿ ಕರೆದರೆ ಮಕ್ಕಳನ್ನು ಕಳಿಸಿ, ಏನೂ ಆಗುವುದಿಲ್ಲ. ಕ್ರೈಸ್ತರದೇ ಇನ್ನೊಂದು ಪಂಗಡವಾದ ಆರ್ಥೊಡಾಕ್ಸ್ ಸಭೆಯ ಗೆಳೆಯರಿದ್ದರೆ ತಾರೀಕು ಒಮ್ಮೆ ಕೇಳಿಕೊಳ್ಳಿ, ಅವರ ಹಬ್ಬ ಬೇರೆ ದಿನ ಬರುವುದುಂಟು. 2025ರಲ್ಲಿ ಇಬ್ಬರ ಈಸ್ಟರೂ ಏಪ್ರಿಲ್ 20ಕ್ಕೆ ಬಿದ್ದಿತ್ತು, 2026ರಲ್ಲಿ ನಮ್ಮದು ಏಪ್ರಿಲ್ 5, ಅವರಲ್ಲಿ ಹೆಚ್ಚಿನವರದು 12.

ಅಕ್ಕಾ, ಈಗ ನಿಮ್ಮ ಮಗನ ವಿಷಯ. ಭಾನುವಾರ ಬೆಳಗಿನ ಪೂಜೆಯ ಹಟ ಬಿಡಿ. ಶನಿವಾರ ರಾತ್ರಿಯ ಪಾಸ್ಖ ಜಾಗರಣೆಗೆ, ಅಂದರೆ ಈಸ್ಟರಿನ ಹಿಂದಿನ ರಾತ್ರಿಯ ಪೂಜೆಗೆ, ಬರ್ತೀಯಾ, ಬೇಕಾದರೆ ಗೆಳೆಯನನ್ನೂ ಕರೆದುಕೋ ಅಂತ ಒಂದೇ ಸಲ ಕೇಳಿ. ಕತ್ತಲಲ್ಲಿ ಹೊರಗೆ ಬೆಂಕಿ ಹೊತ್ತಿಸುವುದು, ಒಂದು ದೊಡ್ಡ ಮೇಣದ ಬತ್ತಿಯಿಂದ ಒಬ್ಬರಿಂದೊಬ್ಬರಿಗೆ ಬೆಳಕು ದಾಟಿಸುವುದು ಆ ವಯಸ್ಸಿನವರಿಗೆ ಹಿಡಿಸುತ್ತದೆ. ಒಲ್ಲೆ ಅಂದರೆ ನೀವು ಹೋಗಿ ಬನ್ನಿ, ಬಂದ ಮೇಲೆ ಮುಖ ಗಂಟು ಹಾಕಿಕೊಳ್ಳಬೇಡಿ. ಯಾಕೆ ನಂಬಿಕೆ ಇಲ್ಲ ಅಂತ ಇನ್ನೊಂದು ದಿನ ಕೇಳಿ. ಅವನು ಹೇಳಿ ಮುಗಿಸುವ ತನಕ ಮಾತ್ರ ನಡುವೆ ಬಾಯಿ ಹಾಕಬೇಡಿ. ಇದೇ ಎಲ್ಲಕ್ಕಿಂತ ಕಷ್ಟ.

ಈ ಗುಂಪಿನಲ್ಲಿ ಕಾಲೇಜು ಓದುತ್ತಿರುವ, ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರಿದ್ದೀರಿ. ಈ ಅಕ್ಕ ಈಗಿರುವ ಊರಿಗೆ ಹತ್ತಿರದವರು ಯಾರಾದರೂ ಇದ್ದರೆ ಅಕ್ಕನಿಗೆ ಖಾಸಗಿಯಾಗಿ ಒಂದು ಮೆಸೇಜ್ ಹಾಕಿ. ಹುಡುಗನಿಗೆ ಫುಟ್‌ಬಾಲ್ ಅಂದರೆ ಪ್ರಾಣವಂತೆ, ಮಾತು ಅಲ್ಲಿಂದ ಶುರುವಾದರೂ ಆಯಿತು.