ಅರಿಜೋನಾದಿಂದ ಮಿಶಿಗನ್‌ಗೆ ಟ್ರೇಲರ್ ವಾಪಸ್ಸು: ಯಾವಾಗ ಹೊರಡಬೇಕು, ಯಾವ ದಾರಿ, ಏನೇನು ನೋಡಿಕೊಳ್ಳಬೇಕು?

ಪ್ರಶ್ನೆ

ನಾವು ಗಂಡ ಹೆಂಡತಿ ಇಬ್ಬರೂ ರಿಟೈರ್ ಆದವರು. ಮನೆ ಮಿಶಿಗನ್‌ನ ನೋವೈನಲ್ಲಿ. ನವೆಂಬರ್‌ನಿಂದ ಅರಿಜೋನಾದ ಅಪಾಚಿ ಜಂಕ್ಷನ್‌ನಲ್ಲಿ ಒಂದು ಆರ್‌ವಿ ಪಾರ್ಕಿನಲ್ಲಿ (ವಾಸಕ್ಕೆಂದೇ ಮಾಡಿದ ಗಾಡಿ, ಟ್ರೇಲರುಗಳು ತಂಗುವ ಜಾಗ) ಇದ್ದೇವೆ. 28 ಅಡಿ ಟ್ರಾವೆಲ್ ಟ್ರೇಲರ್, ಎಳೆಯಲು ಪಿಕಪ್. ಬರುವಾಗ ಮಗ ಜೊತೆಗಿದ್ದ, ವಾಪಸ್ಸು ನಾವಿಬ್ಬರೇ. ಯಾವಾಗ ಹೊರಡುವುದು ಒಳ್ಳೆಯದು, ಯಾವ ದಾರಿ, ಐದು ತಿಂಗಳು ನಿಂತಲ್ಲೇ ನಿಂತ ಟ್ರೇಲರಿನಲ್ಲಿ ಏನೇನು ನೋಡಬೇಕು, ಚಳಿ ಸಿಕ್ಕರೆ ನೀರಿನ ಪೈಪು ಒಡೆಯದಂತೆ ಏನು ಮಾಡಬೇಕು? ಅನುಭವ ಇದ್ದವರು ದಯವಿಟ್ಟು ವಿವರವಾಗಿ ಹೇಳಿ.

ಟಕ್ಸನ್‌ನಿಂದ

ಸರ್, ಇಲ್ಲಿ ಸೆಕೆ ಶುರುವಾಯಿತು ಅಂತ ಮಾರ್ಚಿನಲ್ಲೇ ಗಂಟುಮೂಟೆ ಕಟ್ಟಬೇಡಿ. ನಿಮ್ಮ ಕಡೆ ಮೇ ಮಧ್ಯದವರೆಗೂ ಕೆಲವು ರಾತ್ರಿ 32 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗೆ ಇಳಿಯುವುದು ಮಾಮೂಲು. ತೀರಾ ತಡ ಮಾಡಿದರೂ ಕಷ್ಟ: ಏಪ್ರಿಲ್ ಕೊನೆಯ ಹೊತ್ತಿಗೆ ಇಲ್ಲಿ 100 ಡಿಗ್ರಿ ಮುಟ್ಟಬಹುದು, ಓಕ್ಲಹೋಮ, ಮಿಸ್ಸೌರಿ ಕಡೆ ಸುಂಟರಗಾಳಿಯ ಕಾಲವೂ ಜೋರಾಗುತ್ತದೆ. ಏಪ್ರಿಲ್ 8ರಿಂದ 15ರ ಒಳಗೆ ಹೊರಟು 22–25ರ ಸುಮಾರಿಗೆ ಮನೆ ಸೇರುವ ಹಾಗೆ ಹಾಕಿಕೊಳ್ಳಿ. ಕ್ವಾರ್ಟ್‌ಸೈಟ್ ಬಳಿಯ ಸರಕಾರಿ ಜಾಗಗಳಲ್ಲಿ ಚಳಿಗಾಲ ಕಳೆಯುವವರ ಪರ್ಮಿಟ್ ಕೂಡ ಏಪ್ರಿಲ್ 15ಕ್ಕೇ ಮುಗಿಯುತ್ತದೆ. ಹಾಗಾಗಿ ಆ ವಾರ ರಸ್ತೆ ಪಕ್ಕದ ಪಾರ್ಕುಗಳು ತುಂಬಿರುತ್ತವೆ, ಮೊದಲ ಮೂರು ರಾತ್ರಿಯ ಜಾಗ ಮುಂಚೆಯೇ ಬುಕ್ ಮಾಡಿ. ಆಮೇಲಿನದನ್ನು ಮಾಡಬೇಡಿ. ಬುಕಿಂಗ್ ಇದೆ ಅನ್ನುವ ಒಂದೇ ಕಾರಣಕ್ಕೆ ಗಾಳಿಯಲ್ಲಿ ಹೊರಟು ಟ್ರೇಲರ್ ಮಗುಚಿಕೊಳ್ಳುವವರಿದ್ದಾರೆ.

ದಾರಿ ಒಟ್ಟು 2,000 ಮೈಲಿ ಆಸುಪಾಸು. ದಿನಕ್ಕೆ 250 ಮೈಲಿ, ಮಧ್ಯಾಹ್ನ ಮೂರಕ್ಕೆ ಮುಂಚೆ ಪಾರ್ಕಿನೊಳಗೆ. ಎಂಟು ದಿನ ಓಡಿಸುವುದು, ಜೊತೆಗೆ ಗಾಳಿಗೆ, ಮಳೆಗೆ ಅಂತ ನಾಲ್ಕು ದಿನ ಕೈಯಲ್ಲಿರಲಿ.

ಒಂದು ಎಚ್ಚರಿಕೆ. ಅಪಾಚಿ ಜಂಕ್ಷನ್‌ನಿಂದ ಹೊರಟರೆ ಫೋನಿನ ಮ್ಯಾಪು ಯುಎಸ್ 60 ಹಿಡಿದು ಗ್ಲೋಬ್, ಶೋ ಲೋ ಕಡೆ ಹೋಗು ಅನ್ನಬಹುದು. ಅದು ಸಾಲ್ಟ್ ರಿವರ್ ಕಣಿವೆಗೆ ಸುಮಾರು 2,000 ಅಡಿ ಇಳಿದು ಮತ್ತೆ ಅಷ್ಟೇ ಹತ್ತುವ ತಿರುವಿನ ರಸ್ತೆ. ಟ್ರೇಲರ್ ಕಟ್ಟಿಕೊಂಡು ಬೇಡವೇ ಬೇಡ. ಐ-17ರಲ್ಲಿ ಫ್ಲ್ಯಾಗ್‌ಸ್ಟಾಫ್‌ಗೆ ಹೋಗಿ ಐ-40 ಹಿಡಿಯಿರಿ. ಫೀನಿಕ್ಸ್ 1,100 ಅಡಿಯಲ್ಲಿದೆ, ಫ್ಲ್ಯಾಗ್‌ಸ್ಟಾಫ್ ಸುಮಾರು 6,900 ಅಡಿ. ಬೆಳಗಿನ ತಂಪಲ್ಲೇ ಹತ್ತಿ, ಟೋ ಮೋಡ್ (ಭಾರ ಎಳೆಯುವಾಗಿನ ಗೇರ್ ಕ್ರಮ) ಹಾಕಿ, ಏರಿನಲ್ಲಿ 45 ಮೈಲಿ ವೇಗಕ್ಕೆ ಬಂದರೂ ಬಲಗಡೆ ಲೇನಿನಲ್ಲಿ ಸಮಾಧಾನವಾಗಿರಿ. ಏಪ್ರಿಲ್‌ನಲ್ಲೂ ಅಲ್ಲಿ ಹಿಮ ಬೀಳುತ್ತದೆ. ಮುನ್ಸೂಚನೆಯಲ್ಲಿ ಹಿಮ ಕಂಡರೆ ಐ-10ರಲ್ಲಿ ಲಾಸ್ ಕ್ರೂಸಸ್, ಎಲ್ ಪಾಸೊ, ಅಲ್ಲಿಂದ ಐ-20ರಲ್ಲಿ ಡಲ್ಲಾಸ್, ಲಿಟಲ್ ರಾಕ್ ಮೇಲೆ ಹೋಗುವ ದಕ್ಷಿಣದ ದಾರಿ ಇದೆ. ಸುಮಾರು 200 ಮೈಲಿ ಹೆಚ್ಚು, ಆದರೆ ರಾತ್ರಿಗಳು ಬೆಚ್ಚಗಿರುತ್ತವೆ.

ಆ ದಾರಿಯ ತೊಂದರೆ ಧೂಳು. ಲಾರ್ಡ್ಸ್‌ಬರ್ಗ್ ಹತ್ತಿರದ ಒಣಗಿದ ಕೆರೆಯಂಗಳದಿಂದ ಎದ್ದರೆ ಮುಂದಿನ ಬಾನೆಟ್ಟೂ ಕಾಣುವುದಿಲ್ಲ. ಧೂಳಿನೊಳಗೆ ಸಿಕ್ಕಿಬಿದ್ದರೆ ರಸ್ತೆಯಿಂದ ಆದಷ್ಟು ದೂರ ಇಳಿಸಿ ನಿಲ್ಲಿಸಿ, ಎಲ್ಲಾ ಲೈಟು ಆರಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಬ್ರೇಕ್ ಪೆಡಲ್ ಮೇಲಿಂದ ಕಾಲು ತೆಗೆಯಿರಿ. ಲೈಟು ಉರಿಯುತ್ತಿದ್ದರೆ ಹಿಂದಿನವರು ಅದನ್ನೇ ರಸ್ತೆ ಅಂದುಕೊಂಡು ನೇರ ಬಂದು ಗುದ್ದುತ್ತಾರೆ.

ಅಮರಿಲ್ಲೊದಿಂದ

ಗಾಳಿಯ ವಿಷಯಕ್ಕೆ ಇನ್ನೂ ಸ್ವಲ್ಪ. ಅಲ್ಬುಕರ್ಕಿಯಿಂದ ಅಮರಿಲ್ಲೊವರೆಗಿನ ಸುಮಾರು 290 ಮೈಲಿ ಬಯಲು. ಮಾರ್ಚ್, ಏಪ್ರಿಲ್ ಇಲ್ಲಿ ವರ್ಷದಲ್ಲೇ ಹೆಚ್ಚು ಗಾಳಿಯ ತಿಂಗಳುಗಳು. ಸಾಮಾನ್ಯವಾಗಿ ನೈಋತ್ಯದಿಂದ ಬೀಸುತ್ತದೆ, ಅಂದರೆ ಪೂರ್ವಕ್ಕೆ ಹೋಗುವ ನಿಮಗೆ ಬಲ ಹಿಂಬದಿಯಿಂದ. ಕೋಲ್ಡ್ ಫ್ರಂಟ್ (ನುಗ್ಗಿ ಬರುವ ತಣ್ಣನೆಯ ಗಾಳಿಯ ಅಂಚು) ದಾಟಿದ ಮೇಲೆ ಗಾಳಿ ಉತ್ತರಕ್ಕೆ ತಿರುಗಿ ಎಡ ಮಗ್ಗುಲಿಗೆ ನೇರವಾಗಿ ಹೊಡೆಯುತ್ತದೆ. 28 ಅಡಿ ಉದ್ದದ ಗೋಡೆಗೆ ಅದು ತುಂಬಾ ಕೆಟ್ಟದ್ದು. ಬೆಳಿಗ್ಗೆ ಗಾಳಿ ಕಮ್ಮಿ, ಹನ್ನೊಂದರ ಮೇಲೆ ಏರುತ್ತದೆ. ಬೆಳಕು ಹರಿಯುತ್ತಿದ್ದಂತೆ ಹೊರಟು ಟುಕಮ್‌ಕ್ಯಾರಿಯಲ್ಲಿ ನಿಂತುಬಿಡಿ, ಮರುದಿನ ಅಮರಿಲ್ಲೊ ದಾಟಿ. ಗಾಳಿಯ ರಭಸ ಗಂಟೆಗೆ 40 ಮೈಲಿ ದಾಟುತ್ತದೆ ಅಂತ ಹವಾಮಾನ ಇಲಾಖೆ ಹೇಳಿದ ದಿನ ಹೊರಡಲೇಬೇಡಿ.

ಟ್ರೇಲರ್ ಬಾಲ ಆಡಿಸಲು ಶುರುಮಾಡಿದರೆ ಪಿಕಪ್ಪಿನ ಬ್ರೇಕ್ ತುಳಿಯಬೇಡಿ, ಸ್ಟೀರಿಂಗ್ ಎಡಬಲ ತಿರುಗಿಸಿ ಸರಿಮಾಡಲು ಹೋಗಬೇಡಿ. ಆಕ್ಸಿಲರೇಟರ್‌ನಿಂದ ಮೆಲ್ಲಗೆ ಕಾಲೆತ್ತಿ, ಬ್ರೇಕ್ ಕಂಟ್ರೋಲರ್‌ನ ಕೈಪಟ್ಟಿ (ಚಾಲಕನ ಕೈಗೆ ಎಟುಕುವ ಸ್ವಿಚ್ಚು) ಒತ್ತಿ ಟ್ರೇಲರಿನ ಬ್ರೇಕನ್ನು ಮಾತ್ರ ಹಿಡಿಸಿ. ಆಗ ಅದು ಹಿಂದಕ್ಕೆ ಎಳೆದು ನೆಟ್ಟಗಾಗುತ್ತದೆ. ಹೊರಡುವ ಮುಂಚೆ ಖಾಲಿ ಜಾಗದಲ್ಲಿ 20 ಮೈಲಿ ವೇಗದಲ್ಲಿ ಆ ಪಟ್ಟಿ ಒತ್ತಿ ನೋಡಿ. ನೀವಿಬ್ಬರೂ ಮಾಡಿ ನೋಡಿ, ಪಕ್ಕದಲ್ಲಿ ಕೂತವರಿಗೂ ಅದು ಎಲ್ಲಿದೆ ಅಂತ ಗೊತ್ತಿರಬೇಕು.

ಬಾಲ ಆಡುವುದಕ್ಕೆ ಮುಖ್ಯ ಕಾರಣ ಭಾರ ಹಿಂದೆ ಕೂತಿರುವುದು. ಐದು ತಿಂಗಳಲ್ಲಿ ಸಾಮಾನು ಸೇರಿಕೊಂಡಿರುತ್ತದೆ: ಅಕ್ಕಿ ಚೀಲ, ಟೇಬಲ್‌ಟಾಪ್ ಗ್ರೈಂಡರ್, ಹಿಂದಿನ ಬಂಪರಿಗೆ ಸೈಕಲ್ಲು. ಹೈವೇ ಪಕ್ಕದ ಟ್ರಕ್ ಸ್ಟಾಪುಗಳಲ್ಲಿ ಕ್ಯಾಟ್ ಸ್ಕೇಲ್ (ಗಾಡಿ ತೂಗುವ ತಕ್ಕಡಿ) ಇರುತ್ತದೆ. ಮೊದಲು ಟ್ರೇಲರ್ ಕಟ್ಟಿ, ವೇಟ್ ಡಿಸ್ಟ್ರಿಬ್ಯೂಷನ್ ಬಾರ್ (ಭಾರವನ್ನು ಆಕ್ಸಲ್‌ಗಳಿಗೆ ಹಂಚುವ ಸಲಾಕೆ) ಸಡಿಲಿಸಿ ತೂಗಿ. ಆಮೇಲೆ ಟ್ರೇಲರ್ ಬಿಚ್ಚಿಟ್ಟು ಪಿಕಪ್ ಒಂದನ್ನೇ ತೂಗಿ. ಉದಾಹರಣೆಗೆ ಪಿಕಪ್ ಒಂದೇ 6,200 ಪೌಂಡ್, ಟ್ರೇಲರ್ ಕಟ್ಟಿದಾಗ ಪಿಕಪ್ಪಿನ ಎರಡು ಆಕ್ಸಲ್ ಮೇಲೆ 7,000 ಬಂತು ಅಂದರೆ ಹಿಚ್ (ಟ್ರೇಲರ್ ಕೊಂಡಿ) ಮೇಲೆ ಕೂತ ಭಾರ 800. ಟ್ರೇಲರಿನ ಆಕ್ಸಲ್‌ಗಳ ಮೇಲೆ 6,100 ಇದ್ದರೆ ಟ್ರೇಲರಿನ ಒಟ್ಟು ತೂಕ 6,900. 800 ಅಂದರೆ ಅದರ ಶೇ. 11.6. ಶೇ. 10ರಿಂದ 15ರ ನಡುವೆ ಇದ್ದರೆ ಸರಿ. ಹತ್ತಕ್ಕಿಂತ ಕಮ್ಮಿ ಬಂದರೆ ಗ್ರೈಂಡರನ್ನು ಆಕ್ಸಲ್‌ಗಿಂತ ಸ್ವಲ್ಪ ಮುಂದೆ, ನೆಲಮಟ್ಟದಲ್ಲಿಟ್ಟು ಮತ್ತೆ ತೂಗಿ. ನೀರಿನ ಟ್ಯಾಂಕು ತುಂಬಿಸಿಕೊಂಡು ಹೋಗಬೇಡಿ, ಒಂದು ಗ್ಯಾಲನ್ 8.3 ಪೌಂಡ್, 40 ಗ್ಯಾಲನ್ ಅಂದರೆ 330 ಪೌಂಡ್ ಮೀರುತ್ತದೆ.

ಯೂಮಾದಿಂದ

ನಿಂತಲ್ಲೇ ನಿಂತ ಟ್ರೇಲರ್ ಅಂದರೆ ಮೊದಲು ಟೈರು. ಪಕ್ಕದ ಮೇಲೆ ಡಾಟ್ (DOT) ಅಂತ ಶುರುವಾಗುವ ನಂಬರಿನ ಕೊನೆಯ ನಾಲ್ಕು ಅಂಕಿ ನೋಡಿ: 2319 ಅಂದರೆ 2019ರ 23ನೇ ವಾರ ತಯಾರಾದದ್ದು. ಆರು ವರ್ಷ ದಾಟಿದ್ದರೆ ಮೇಲಿನ ಅಚ್ಚು (ಟ್ರೆಡ್) ಚೆನ್ನಾಗಿದ್ದರೂ ಬದಲಾಯಿಸಿ. ಮರುಭೂಮಿಯ ಬಿಸಿಲಿಗೆ ಒಳಗಿನ ರಬ್ಬರು ಬಿಡುತ್ತದೆ, ಹೊರಗೆ ಗೊತ್ತಾಗುವುದಿಲ್ಲ. ದಕ್ಷಿಣಕ್ಕೆ ಮುಖ ಮಾಡಿದ ಪಕ್ಕವನ್ನು ಎರಡು ಸಲ ನೋಡಿ. ಎಸ್‌ಟಿ (ಟ್ರೇಲರಿಗೆಂದೇ ಮಾಡಿದ) ಟೈರುಗಳ ಮೇಲೆ ಬೇರೆ ವೇಗ ಬರೆದಿಲ್ಲದಿದ್ದರೆ 65 ಮೈಲಿಯೇ ಮಿತಿ.

ಗಾಳಿ ತುಂಬುವುದು ಹೊರಡುವ ಮುಂಚೆ, ಟೈರು ತಣ್ಣಗಿರುವಾಗ. 80 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಟೈರಿನಲ್ಲಿ, ಹೊರಗಿನ ಹವೆ 10 ಡಿಗ್ರಿ ಇಳಿದರೆ ಸುಮಾರು 2 ಪಿಎಸ್‌ಐ ಇಳಿಯುತ್ತದೆ. ಇಲ್ಲಿ 70 ಡಿಗ್ರಿಯಲ್ಲಿ 80 ಇದ್ದದ್ದು ಮಿಸ್ಸೌರಿಯ 30 ಡಿಗ್ರಿ ಬೆಳಿಗ್ಗೆ 72 ತೋರಿಸುತ್ತದೆ. ಅದು ಪಂಕ್ಚರ್ ಅಲ್ಲ, ಆದರೆ ತುಂಬದೆ ಓಡಿಸಿದರೆ ಟೈರು ಬಿಸಿಯಾಗಿ ಸಿಡಿಯುತ್ತದೆ. 12 ವೋಲ್ಟ್ ಕಂಪ್ರೆಸರ್ ಜೊತೆಗಿರಲಿ. ಅದು 80ರವರೆಗೆ ತುಂಬುತ್ತದೆಯೇ ಅಂತ ಇಲ್ಲೇ ಪರೀಕ್ಷಿಸಿ.

ಬೇರಿಂಗ್‌ಗೆ ಗ್ರೀಸು ಹಾಕಿಸಿ 12 ತಿಂಗಳಾಗಿದ್ದರೆ ಹೊರಡುವ ಮುಂಚೆ ಮಾಡಿಸಿ. ಚಕ್ರ ಬಿಚ್ಚಿ ಹಾಕಿದ ಮೇಲೆ 50 ಮೈಲಿ ಆದಾಗ ಒಮ್ಮೆ, 100 ಮೈಲಿ ಆದಾಗ ಇನ್ನೊಮ್ಮೆ ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಬಿಗಿಮಾಡಿ. ಪಿಕಪ್ಪಿನ ಬಾನೆಟ್ ಎತ್ತಿ ನೋಡಿ: ಇಲ್ಲಿಯ ಮರುಭೂಮಿ ಇಲಿಗಳು ಕಳ್ಳಿಯ ತುಂಡು ತಂದು ಗೂಡು ಕಟ್ಟುತ್ತವೆ, ವೈರು ಕಡಿಯುತ್ತವೆ. ಇಂಜಿನ್ನಿನ ಏರ್ ಫಿಲ್ಟರ್, ಟ್ರೇಲರಿನ ಫರ್ನೇಸಿನ (ಗ್ಯಾಸಿನಲ್ಲಿ ಒಳಗೆ ಬಿಸಿಗಾಳಿ ಕೊಡುವ ಯಂತ್ರ) ಹೊರಬಾಯಿ, ಫ್ರಿಜ್ಜಿನ ಹಿಂದಿನ ಬರ್ನರ್, ಎಲ್ಲದರಲ್ಲೂ ಧೂಳು, ಕಣಜದ ಮಣ್ಣಿನ ಗೂಡು ಇರಬಹುದು. ಫರ್ನೇಸನ್ನು ಇಲ್ಲೇ ಒಂದು ಗಂಟೆ ಉರಿಸಿ ನೋಡಿ. ಓಕ್ಲಹೋಮದ ಚಳಿಯಲ್ಲಿ ಮೊದಲ ಸಲ ಹಚ್ಚುವ ಹಾಗೆ ಆಗಬಾರದು. ಸ್ಲೈಡ್ (ನಿಲ್ಲಿಸಿದಾಗ ಹೊರಕ್ಕೆ ಚಾಚುವ ಗೋಡೆಯ ಭಾಗ) ಒಳಗೆಳೆಯುವ ಮುಂಚೆ ಮೇಲೆ ಹತ್ತಿ ಮಣ್ಣು, ಎಲೆ ಗುಡಿಸಿ. ಇಲ್ಲವಾದರೆ ಅದು ಒಳಗೆ ಬರುತ್ತಾ ರಬ್ಬರ್ ಸೀಲನ್ನು ಹರಿಯುತ್ತದೆ.

ಟುಲ್ಸಾದಿಂದ

ನೀರಿನ ಪೈಪಿನ ವಿಷಯ. ರಾತ್ರಿ 32ರಿಂದ 28ರವರೆಗೆ ಇಳಿದರೆ ಫರ್ನೇಸ್ ಸಾಕು. ಪಾರ್ಕಿನ ನಲ್ಲಿಯಿಂದ ಹೋಸ್ ತೆಗೆದುಬಿಡಿ, ಟ್ಯಾಂಕಿನಲ್ಲಿ ಮೂರನೇ ಒಂದು ಭಾಗ ನೀರಿಟ್ಟು ಪಂಪಿನಲ್ಲಿ ಬಳಸಿ. ಸಿಂಕಿನ ಕೆಳಗಿನ ಬೀರು ಬಾಗಿಲು ತೆರೆದಿಡಿ. ಡಂಪ್ ಹೋಸನ್ನು (ಕೊಳಚೆ ನೀರು ಹೊರಬಿಡುವ ಪೈಪು) ರಾತ್ರಿ ಕಟ್ಟಿಡಬೇಡಿ, ಒಳಗೆ ನಿಂತದ್ದು ಗಡ್ಡೆಯಾಗುತ್ತದೆ.

ಗ್ಯಾಸು ಎಷ್ಟು ಬೇಕು ಅಂತ ಲೆಕ್ಕ: 20 ಪೌಂಡ್ ಸಿಲಿಂಡರಿನಲ್ಲಿ ಸುಮಾರು 4.7 ಗ್ಯಾಲನ್, ಅಂದರೆ 4,30,000 ಬಿಟಿಯು (ಶಾಖದ ಅಳತೆ). 30,000 ಬಿಟಿಯು ಫರ್ನೇಸ್ ಬಿಡದೆ ಉರಿದರೆ 14 ಗಂಟೆ. ಹತ್ತು ಗಂಟೆಯ ರಾತ್ರಿಯಲ್ಲಿ ಅರ್ಧ ಹೊತ್ತು ಉರಿದರೆ ಮೂರು ರಾತ್ರಿಗೆ ಸ್ವಲ್ಪ ಕಮ್ಮಿ. ಕರೆಂಟ್ ಇಲ್ಲದ ಕಡೆ ನಿಂತರೆ ಬ್ಲೋವರ್ ಆ ಐದು ಗಂಟೆಯಲ್ಲಿ 40 ಆಂಪಿಯರ್ ಅವರ್ ಎಳೆಯುತ್ತದೆ, 80ರ ಸಾಮಾನ್ಯ ಲೆಡ್ ಬ್ಯಾಟರಿಯಲ್ಲಿ ಬಳಸಬಹುದಾದ್ದು ಅಷ್ಟೇ. ಚಳಿಯ ರಾತ್ರಿ ಕರೆಂಟ್ ಇರುವ ಜಾಗವನ್ನೇ ಹಿಡಿಯಿರಿ. ಲಿಥಿಯಂ ಬ್ಯಾಟರಿ ಇದ್ದರೆ 32 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು.

ಸುಂಟರಗಾಳಿ ಎಚ್ಚರಿಕೆ ಕೌಂಟಿ ಹೆಸರು ಹೇಳಿ ಬರುತ್ತದೆ. ನೀವು ನಿಂತ ಕೌಂಟಿ ಯಾವುದು ಅಂತ ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ಟ್ರೇಲರ್ ಆಸರೆಯಲ್ಲ. ಪಾರ್ಕಿಗೆ ಬಂದ ಕೂಡಲೇ ಶೆಲ್ಟರ್ ಎಲ್ಲಿ ಅಂತ ಕೇಳಿ, ಬೆಳಕಿದ್ದಾಗಲೇ ಅಲ್ಲಿಗೆ ಒಮ್ಮೆ ನಡೆದು ಬನ್ನಿ.

ಡಲ್ಲಾಸ್‌ನಿಂದ

ಅಕ್ಕನವರಿಗೆ ನಾಲ್ಕು ಮಾತು. ಪಾರ್ಕಿನ 30 ಆಂಪ್ ಪ್ಲಗ್ಗಿನಿಂದ ಸಿಗುವುದು 3,600 ವ್ಯಾಟ್ ಮಾತ್ರ. 1,500ರ ಹೀಟರ್, 1,800ರ ಇಂಡಕ್ಷನ್ ಒಲೆ ಒಟ್ಟಿಗೆ ಹಚ್ಚಿದರೆ ಅಲ್ಲಿಗೆ ಮುಗಿಯಿತು, ಗೀಸರ್ ಆನ್ ಆದ ತಕ್ಷಣ ಬ್ರೇಕರ್ ಬೀಳುತ್ತದೆ. ಅನ್ನ ಸಾರು ಮಾಡುವ ಹೊತ್ತಿಗೆ ಹೀಟರ್ ಆರಿಸಿ. ಗ್ಯಾಸ್ ಒಲೆಯಲ್ಲಿ ಕುದಿಸಿದರೆ ಚಳಿಯಲ್ಲಿ ಕಿಟಕಿ, ಹಾಸಿಗೆ ಕೆಳಗೆಲ್ಲಾ ಪಸೆ ಬಂದು ಬೂಸಲು ಹಿಡಿಯುತ್ತದೆ. ಮೇಲಿನ ವೆಂಟನ್ನು ಒಂದು ಇಂಚು ತೆರೆದಿಡಿ.

ಕರಿಬೇವಿನ ಗಿಡ ಕುಂಡದಲ್ಲಿ ಬೆಳೆಸಿದ್ದರೆ ಅದನ್ನು ಮಿಶಿಗನ್‌ಗೆ ಒಯ್ಯಬೇಡಿ. ನಿಂಬೆ, ಕಿತ್ತಳೆ ಜಾತಿಯ ಗಿಡಗಳಿಗೆ ರೋಗ ಹರಡುವ ಸಿಲ್ಲಿಡ್ ಅನ್ನುವ ಕೀಟ ಕರಿಬೇವಿನಲ್ಲೂ ಬದುಕುತ್ತದೆ. ಟೆಕ್ಸಾಸ್ ಪೂರ್ತಿ, ಅರಿಜೋನಾದ ಕೆಲವು ಭಾಗ ಕ್ವಾರಂಟೈನ್‌ನಲ್ಲಿವೆ, ಅಲ್ಲಿಂದ ಗಿಡ ಹೊರಗೆ ಹೋಗುವಂತಿಲ್ಲ. ಕಿತ್ತ ಹಸಿ ಸೊಪ್ಪಿಗೂ ನಿರ್ಬಂಧ ಇದೆ. ಪಾರ್ಕಿನಲ್ಲೇ ಉಳಿಯುವ ಯಾರಿಗಾದರೂ ಕೊಟ್ಟು ಬನ್ನಿ.

ಮಾತ್ರೆಯ ಹೊತ್ತು ನೋಡಿಕೊಳ್ಳಿ. ಅರಿಜೋನಾದಲ್ಲಿ ಗಡಿಯಾರ ಮುಂದೆ ಹಾಕುವುದಿಲ್ಲ. ಏಪ್ರಿಲ್‌ನಲ್ಲಿ ನ್ಯೂ ಮೆಕ್ಸಿಕೊಗೆ ಬಂದರೆ ಒಂದು ಗಂಟೆ, ಅಮರಿಲ್ಲೊಗೆ ಎರಡು, ಮಿಶಿಗನ್‌ಗೆ ಮೂರು ಗಂಟೆ ಮುಂದೆ. ಇನ್ಸುಲಿನ್ ಇದ್ದರೆ ಫ್ರಿಜ್ಜಿನ ಬಾಗಿಲಲ್ಲಿಡಿ, ಹಿಂದಿನ ತಣ್ಣನೆಯ ಪಟ್ಟಿಗೆ ತಾಗಿದರೆ ಹೆಪ್ಪುಗಟ್ಟುತ್ತದೆ. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಬಳಸಬಾರದು.

ಟುಲ್ಸಾದವರಿಗೆ, ಗ್ರ್ಯಾಂಡ್ ರ‍್ಯಾಪಿಡ್ಸ್‌ನಿಂದ

ಒಂದು ಸೇರಿಸಬೇಕು. ಗ್ಯಾಸ್ ಉಳಿಸಲು ರಾತ್ರಿಯೆಲ್ಲಾ ಬರೀ ಎಲೆಕ್ಟ್ರಿಕ್ ಹೀಟರ್ ಇಡುವವರು ಬಹಳ. ಒಳಗೆ ಬೆಚ್ಚಗಾಗುತ್ತದೆ, ಆದರೆ ಟ್ಯಾಂಕು, ಪೈಪು ಇರುವ ಕೆಳಹೊಟ್ಟೆಗೆ ಬಿಸಿಗಾಳಿ ಹೋಗುವುದು ಫರ್ನೇಸಿನ ಡಕ್ಟಿನಿಂದ. ಥರ್ಮೋಸ್ಟಾಟ್‌ನ ಹತ್ತಿರ ಹೀಟರ್ ಇದ್ದರೆ ಫರ್ನೇಸ್ ಹೊತ್ತಿಕೊಳ್ಳುವುದೇ ಇಲ್ಲ, ಬೆಳಗಾದರೆ ಪೈಪು ಒಡೆದಿರುತ್ತದೆ. ಹೀಟರನ್ನು ದೂರ, ಕಮ್ಮಿಯಲ್ಲಿಡಿ.

ಮನೆಗೆ ಬಂದ ದಿನವೇ ಟ್ರೇಲರಿನ ನೀರು ಪೂರ್ತಿ ಖಾಲಿ ಮಾಡಿ, ಏಪ್ರಿಲ್ ಅಂತ ಬಿಡಬೇಡಿ. ಗೀಸರ್ ಆರಿಸಿ, ತಣ್ಣಗಾದ ಮೇಲೆ, ಒತ್ತಡ ಬಿಟ್ಟು, ಡ್ರೈನ್ ಬಿಚ್ಚಿ. ಸಬರ್ಬನ್ ಗೀಸರ್ ಆದರೆ 1 1/16 ಇಂಚಿನ ಸಾಕೆಟ್ ಬೇಕು, ಹೊರಬರುವ ಆನೋಡ್ ಕಡ್ಡಿ (ಟ್ಯಾಂಕಿಗೆ ತುಕ್ಕು ಹಿಡಿಯದಂತೆ ತಾನು ಸವೆಯುವ ಲೋಹದ ಕಡ್ಡಿ) ಮುಕ್ಕಾಲು ಸವೆದಿದ್ದರೆ ಹೊಸದು ಹಾಕಿ. ಗೀಸರಿಗೆ ಹೋಗದಂತೆ ಬೈಪಾಸ್ ವಾಲ್ವ್ ತಿರುಗಿಸಿ, ಪಂಪಿನಲ್ಲಿ ಗುಲಾಬಿ ಬಣ್ಣದ ಆರ್‌ವಿ ಆಂಟಿಫ್ರೀಜ್ ಎಳೆಸಿ, ಎಲ್ಲಾ ನಲ್ಲಿಯಲ್ಲಿ ಗುಲಾಬಿ ಬರುವವರೆಗೆ ಬಿಡಿ. ಹೊರಗಿನ ಶವರ್, ಟಾಯ್ಲೆಟ್ ಮರೆಯಬೇಡಿ. ಎರಡು ಗ್ಯಾಲನ್ ಸಾಕು, ಬೈಪಾಸ್ ಮಾಡದಿದ್ದರೆ ಗೀಸರೇ ಆರು ಗ್ಯಾಲನ್ ಕುಡಿಯುತ್ತದೆ. ಕಾರಿಗೆ ಹಾಕುವ ಹಸಿರು ಆಂಟಿಫ್ರೀಜ್ ವಿಷ, ಅದನ್ನು ಮುಟ್ಟಬೇಡಿ. ಹಿಮ ಕರಗಿ ನೆಲ ಮೆತ್ತಗಿರುತ್ತದೆ, ಹುಲ್ಲಿನ ಮೇಲೆ ನಿಲ್ಲಿಸಿದರೆ ಚಕ್ರ ಹೂಳುತ್ತದೆ. ಡಾಂಬರಿನ ಮೇಲೇ ನಿಲ್ಲಿಸಿ, ಜ್ಯಾಕಿನ ಕೆಳಗೆ ಹಲಗೆ ಕೊಡಿ.

ಮನೆಯೊಳಗೆ ಹೋದ ಮೇಲೆ ಮೊದಲು ಬೇಸ್‌ಮೆಂಟಿನ ಸಂಪ್ ಪಂಪಿನ (ನೆಲದಡಿ ಸೇರಿದ ನೀರು ಹೊರಹಾಕುವ ಪಂಪು) ಗುಂಡಿಗೆ ಒಂದು ಬಕೆಟ್ ನೀರು ಸುರಿದು ಅದು ಎದ್ದು ಓಡುತ್ತದೆಯೇ ನೋಡಿ, ಹಿಮ ಕರಗುವ ಕಾಲದಲ್ಲೇ ಅದು ಕೈಕೊಡುವುದು. ಮುಖ್ಯ ವಾಲ್ವನ್ನು ಕಾಲುಭಾಗ ಮಾತ್ರ ತೆರೆದು, ಮೇಲ್ಮಹಡಿಯ ಒಂದು ನಲ್ಲಿ ಬಿಟ್ಟು, ಪೈಪಿನ ಗಾಳಿ ಹೋದ ಮೇಲೆ ಪೂರ್ತಿ ತೆರೆಯಿರಿ. ಒಬ್ಬರು ವಾಲ್ವ್ ಹತ್ತಿರ ನಿಂತಿರಿ, ಇನ್ನೊಬ್ಬರು ಸಿಂಕು, ಟಾಯ್ಲೆಟ್ ಕೆಳಗೆ ಟಾರ್ಚ್ ಹಿಡಿದು ಸೋರುತ್ತದೆಯೇ ನೋಡಿ. ಗೀಸರ್ ತುಂಬಿ ಬಿಸಿನೀರಿನ ನಲ್ಲಿಯಲ್ಲಿ ನೀರು ಬರುವವರೆಗೆ ಹಚ್ಚಬೇಡಿ. ತಿಂಗಳುಗಟ್ಟಲೆ ನಿಂತ ನೀರನ್ನು ಎಲ್ಲಾ ನಲ್ಲಿಯಿಂದ ಐದು ನಿಮಿಷ ಹರಿಯಬಿಟ್ಟ ಮೇಲೆ ಕಾಫಿಗೆ ನೀರಿಡಿ.